ಅಂಗಳದಲ್ಲಿ ನಿಂತ ಬೈಕು ಮಾರುವ ಮುನ್ನ



ಹೋದ ವರ್ಷ ಮೈಸೂರು ಹತ್ತಿರದ ಒಂದು ಹಳ್ಳಿಯ ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ನಡಾವಳಿ ಓದಿ ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತರು. ಮಗಳ ನರ್ಸಿಂಗ್ ಎರಡನೇ ವರ್ಷದ ಫೀಸು ಕಟ್ಟಬೇಕು, ಅತ್ತೆಯ ಆಪರೇಷನ್ನಿಗೆ ಮಾಡಿದ ಕೈಸಾಲ ಬಾಕಿ ಇದೆ. ಸಂಘದಲ್ಲಿ ತೆಗೆದ ಸಾಲವೂ ಇನ್ನೂ ಆರು ಕಂತು ಉಳಿದಿತ್ತು. "ಮನೇಲಿ ಒಂದು ಯೆಜ್ಡಿ ಬೈಕು ನಿಂತಿದೆ ಸಿಸ್ಟರ್. ಗುಜರಿಯವರು ಆರು ಸಾವಿರ ಕೊಡ್ತೀನಿ ಅಂದಿದಾರೆ. ಇವರು ಕೆಲಸಕ್ಕೆ ಹೋದಾಗ ಕೊಟ್ಬಿಡ್ಲಾ?" ಅಂತ ಕೇಳಿದರು. ಎಲ್ಲರೂ ನಕ್ಕರು. ಆಕೆ ಮಾತ್ರ ನಗಲಿಲ್ಲ.

ಯೆಜ್ಡಿ ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಮಾಡಿದವರ ಮನೆಗಳಲ್ಲಿ ಆ ಬೈಕು ಮನೆಯ ಸದಸ್ಯನಂತೆ. ಕಿಕ್ ಹೊಡೆಯುವ ಪೆಡಲನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಆಗುತ್ತದೆ. ಇದನ್ನು ತೋರಿಸುವಾಗ ಗಂಡಸರ ಮುಖ ನೋಡಬೇಕು! ಈ ಸದಸ್ಯೆಯ ಮಾವನೂ ಆ ಕಾರ್ಖಾನೆಯಲ್ಲೇ ಇದ್ದವರು. ಮಗ ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದದ್ದು ಆ ಬೈಕಿನ ಮೇಲೇ.

ಆದ್ದರಿಂದ ಮೊದಲನೇ ಮಾತು: ಕದ್ದು ಮಾರಬೇಡಿ. ನಮ್ಮ ಓಲೆ, ಸರ ಕೇಳದೆ ಅಡವಿಟ್ಟಾಗ ನಮಗೆ ಎಷ್ಟು ನೋವಾಗುತ್ತೆ ಅಂತ ಎಷ್ಟೋ ಸಭೆಗಳಲ್ಲಿ ನೀವೇ ಹೇಳಿ ಅತ್ತಿದ್ದೀರಿ. ಅವರ ಬೈಕಿಗೂ ಅದೇ ನ್ಯಾಯ. ನಾನು ಆ ಮನೆಗೆ ಹೋಗಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಒಂದು ಹಾಳೆಯಲ್ಲಿ ಲೆಕ್ಕ ಬರೆಸಿದೆ. ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಹೊರಗಡೆ 40,000 ತಂದರೆ ತಿಂಗಳಿಗೆ ಬಡ್ಡಿಯೇ 2,000, ವರ್ಷಕ್ಕೆ 24,000, ಅಸಲು ಹಾಗೇ ಇರುತ್ತೆ. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಗುಜರಿಗೆ ಮಾತ್ರ ಬೇಡ ಸಿಸ್ಟರ್, ಓಡಿಸೋರಿಗೆ ಕೊಡೋಣ" ಅಂದರು. ಅಷ್ಟು ಸಾಕಾಯಿತು. (ಹಾಲು, ತರಕಾರಿ ಸಾಗಿಸಲು, ಕೂಲಿಗೆ ಹೋಗಲು ಬಳಸುವ ಗಾಡಿಯಾಗಿದ್ದರೆ ನಾನು ಮಾರಿ ಅಂತ ಹೇಳುತ್ತಿರಲಿಲ್ಲ. ಅದು ದುಡಿಮೆಯ ಸಾಧನ.)

ಬೆಲೆಯ ವಿಷಯ. ಗುಜರಿಯವರು ಕಬ್ಬಿಣದ ತೂಕ ನೋಡುತ್ತಾರೆ, ಗಾಡಿಯನ್ನಲ್ಲ. ಹಳೆಯ ಯೆಜ್ಡಿ, ಜಾವಾ, ಯಮಹಾ ಆರ್‌ಎಕ್ಸ್ 100 ಇವುಗಳನ್ನು ಹುಡುಕಿಕೊಂಡು ಬರುವ ಹವ್ಯಾಸಿಗಳು ಇದ್ದಾರೆ. ಕನಿಷ್ಠ ಮೂರು ಕಡೆ ಕೇಳಿ. ಅದರಲ್ಲಿ ಒಬ್ಬರು ಆ ಗಾಡಿ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿರಲಿ. ಇವರ ಬೈಕು ಕೊನೆಗೆ ಹೋದದ್ದು 58,000ಕ್ಕೆ. ತುಕ್ಕು, ಇಂಜಿನ್ ತೊಂದರೆ ಇದ್ದರೆ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಇರುವುದಿಲ್ಲ.

ಆದರೆ ಮಾರಾಟಕ್ಕೆ ಮೊದಲು ಒಂದು ತೊಡಕು ಬಂತು. ಆರ್‌ಸಿ ಪುಸ್ತಕ ತೆಗೆದರೆ ಅದರಲ್ಲಿ ತೀರಿಹೋದ ಮಾವನ ಹೆಸರು! ನಮ್ಮ ಹಳ್ಳಿಗಳಲ್ಲಿ ಹೀಗೆ ಎಷ್ಟೋ ಗಾಡಿಗಳಿವೆ. ತೀರಿಕೊಂಡವರ ಹೆಸರಿನ ಗಾಡಿಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಫಾರಂ 31. ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ನಿಯಮದ ಪ್ರಕಾರ ಸಾವಿನ ಸುದ್ದಿಯನ್ನು 30 ದಿನದೊಳಗೆ ತಿಳಿಸಿ, 3 ತಿಂಗಳೊಳಗೆ ಅರ್ಜಿ ಹಾಕಬೇಕು. ಇವರು ತಡ ಮಾಡಿದ್ದರಿಂದ ದಂಡ ಕಟ್ಟಬೇಕಾಯಿತು. ಜೊತೆಗೆ 15 ವರ್ಷದ ನಂತರ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; ಅದೂ ಮುಗಿದುಹೋಗಿತ್ತು. ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ಆರ್.ಟಿ.ಒ. ಕಚೇರಿಯಲ್ಲಿ ತೋರಿಸಿದರು. ಎರಡು ತಿಂಗಳು ಓಡಾಟ. ಅಷ್ಟರಲ್ಲಿ ಫೀಸಿನ ಕೊನೆ ದಿನ ಬಂದಿತ್ತು. ಸಂಘದವರು ಠರಾವು ಮಾಡಿ ಆಂತರಿಕ ಸಾಲವಾಗಿ ಮೊದಲ ಕಂತಿನ ಹಣ ಕೊಟ್ಟರು. ನಿಮ್ಮ ಮನೆಯ ಆರ್‌ಸಿಯಲ್ಲಿ ಯಾರ ಹೆಸರಿದೆ ಅಂತ ಇವತ್ತೇ ನೋಡಿ. ಸಾಲ ಮಾಡಿ ತೆಗೆದ ಗಾಡಿಯಾದರೆ, ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ ಪಡೆದು ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು.

ಈಗ ಮುಖ್ಯವಾದ ವಿಷಯ. ದುಡ್ಡು ಎಣಿಸಿಕೊಂಡು ಕೀ ಕೊಟ್ಟರೆ ಮಾರಾಟ ಮುಗಿಯಲಿಲ್ಲ. "ಆಮೇಲೆ ಹೆಸರು ಬದಲಾಯಿಸಿಕೊಳ್ತೀನಿ" ಅಂತ ಹೇಳಿ ಹೋದವರು ಬದಲಾಯಿಸದಿದ್ದರೆ? ಆ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ ನೋಟಿಸು ಬರುವುದು ನಿಮ್ಮ ಮನೆಗೆ. 2018ರಲ್ಲಿ ಸುಪ್ರೀಂ ಕೋರ್ಟ್, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ವಾಹನ ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ. ಆರು ಸಾವಿರಕ್ಕೆ ಮಾರಿ ಆರು ಲಕ್ಷ ಕಟ್ಟುವ ಪರಿಸ್ಥಿತಿ ಯಾರಿಗೂ ಬೇಡ.

ಮಾರುವವರು ಫಾರಂ 29 ತುಂಬಿ 14 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ಕೊಳ್ಳುವವರ ಅರ್ಜಿ ಫಾರಂ 30. ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ, ದಲ್ಲಾಳಿ ಎಷ್ಟೇ ಪರಿಚಯದವರಾಗಿರಲಿ. ಸಾಧ್ಯವಾದರೆ ಕೊಳ್ಳುವವರ ಜೊತೆಗೇ ಕಚೇರಿಗೆ ಹೋಗಿ. ಕೊಟ್ಟ ದಿನ, ಹೊತ್ತು, ಬೆಲೆ ಬರೆದು ಇಬ್ಬರೂ ಸಹಿ ಮಾಡಿ, ಅವರ ಆಧಾರ್ ಜೆರಾಕ್ಸ್ ಇಟ್ಟುಕೊಳ್ಳಿ. ಬೇರೆ ರಾಜ್ಯದವರು ಕೊಳ್ಳುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಳ್ಳುವವರಿಗೆ ಹೇಳಿ.

ಮೊಬೈಲಿನಲ್ಲಿ ಫೋಟೋ ಹಾಕಿದ ಎರಡನೇ ದಿನ ಇವರಿಗೆ ಒಂದು ಫೋನು ಬಂತು. "ನಾನು ಮಿಲಿಟರಿಯಲ್ಲಿದ್ದೀನಿ, ಗಾಡಿ ನೋಡೋದು ಬೇಡ, ಈಗಲೇ ಅಡ್ವಾನ್ಸ್ ಹಾಕ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರಂತೆ. ಪುಣ್ಯಕ್ಕೆ ಮಗಳು ಪಕ್ಕದಲ್ಲಿದ್ದಳು, ಫೋನು ಕಸಿದುಕೊಂಡಳು. ನೆನಪಿಡಿ, ಹಣ ಬರಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಅವರ ಮೊಬೈಲಿನಲ್ಲಿ ಕಾಣುವ "ಪೇಮೆಂಟ್ ಆಯ್ತು" ಅನ್ನುವುದನ್ನೂ ನಂಬಬೇಡಿ, ನಿಮ್ಮ ಖಾತೆಯಲ್ಲಿ ಹಣ ಬಂದಿದೆಯೇ ನೋಡಿ. ನಗದಾದರೆ ಬ್ಯಾಂಕಿನಲ್ಲೇ ಎಣಿಸಿ ಕಟ್ಟಿಬಿಡಿ. ಓಡಿಸಿ ನೋಡಲು ಕೇಳಿದರೆ ಮನೆಯವರೊಬ್ಬರು ಹಿಂದೆ ಕುಳಿತು ಹೋಗಲಿ.

ಕೊಂಡವರು ಮೈಸೂರಿನ ಒಬ್ಬ ಮೇಷ್ಟ್ರು. ಕೊಡುವ ದಿನ ಇವರ ಯಜಮಾನರು ಬೆಳಿಗ್ಗೆಯೇ ಬೈಕು ತೊಳೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದರಂತೆ. ಆಮೇಲೆ ಹೊಲದ ಕಡೆ ಹೋದವರು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಬಂದ ಹಣದಲ್ಲಿ ಕೈಸಾಲ ತೀರಿತು, ಉಳಿದ ಫೀಸು ಕಟ್ಟಿದರು, ಸಂಘದಿಂದ ಪಡೆದದ್ದನ್ನು ಒಂದೇ ಸಲಕ್ಕೆ ವಾಪಸು ಮಾಡಿದರು. ಮುಂದಿನ ತಿಂಗಳ ಸಭೆಗೆ ಆಕೆ ಮೇಷ್ಟ್ರ ಹೆಸರಿದ್ದ ಹೊಸ ಆರ್‌ಸಿಯ ಜೆರಾಕ್ಸ್ ತಂದಿದ್ದರು. ಅದನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿ, ಸಂಘದ ಫೈಲಿನಲ್ಲಿ ಇಡಿಸಿದೆವು.