ರಾಗಿಯ ಬೆಂಕಿ ರೋಗ

ಸೆಪ್ಟೆಂಬರ್ ತಿಂಗಳು ಮುಗಿಯುತ್ತ ಬಂದಾಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹೊಲಗಳಲ್ಲಿ ರಾಗಿ ತೆನೆ ಬಿಡುತ್ತದೆ. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ರಾಗಿಯೆಂದರೆ ಮನೆಮಂದಿಗೆ ವರ್ಷದ ಹಿಟ್ಟು, ದನಗಳಿಗೆ ವರ್ಷದ ಹುಲ್ಲು. ಬಿತ್ತಿ, ಕುಂಟೆ ಹಾಯಿಸಿ, ಕಳೆ ಕಿತ್ತು, ಮಳೆಗಾಗಿ ಮುಗಿಲು ನೋಡಿದ ರೈತನಿಗೆ ಇನ್ನೇನು ಫಲ ಕೈಸೇರಿತೆಂದು ತೋರುವ ಕಾಲವದು. ಆದರೆ ಕೆಲವು ವರ್ಷ ಇದೇ ಸಮಯದಲ್ಲಿ ತೆನೆಯ ಕೆಳಗಿನ ಕುತ್ತಿಗೆ ಕಪ್ಪಾಗಿ ಸುಟ್ಟಂತಾಗುತ್ತದೆ; ತೆನೆ ಬಾಗಿ ಮುರಿಯುತ್ತದೆ; ಹೊಸಕಿ ನೋಡಿದರೆ ಕಾಳಿಲ್ಲ, ಬರಿಯ ಜೊಳ್ಳು. ಬೆಂಕಿ ತಗಲಿದಂತೆ ಕಾಣುವ ಈ ಬೇನೆಗೆ ಬೆಂಕಿ ರೋಗವೆಂದೇ ಹೆಸರು. ಇದನ್ನುಂಟುಮಾಡುವ ಜೀವಿ ಯಾವುದು, ಅದು ಗಿಡದೊಳಕ್ಕೆ ಹೇಗೆ ಹೊಗುತ್ತದೆ, ಅದನ್ನು ಎಲ್ಲೆಲ್ಲಿ ತಡೆಯಬಹುದು ಎಂಬುದನ್ನು ವಿಚಾರ ಮಾಡೋಣ. ವಿಷಯ ಸಸ್ಯಶಾಸ್ತ್ರಕ್ಕೆ ಸೇರಿದ್ದಾದರೂ ಇದರಲ್ಲಿ ಭೌತಶಾಸ್ತ್ರದ ಪಾತ್ರ ಸಣ್ಣದಲ್ಲ.

ರೋಗಕ್ಕೆ ಕಾರಣವಾದುದು ಪೈರಿಕ್ಯುಲೇರಿಯ ಎಂಬ ಶಿಲೀಂಧ್ರ. ಇದರ ಬೀಜಾಣುಗಳು ಮೂರು ಕೋಶಗಳುಳ್ಳ, ಪೇರುಹಣ್ಣಿನ ಆಕಾರದ ಕಣಗಳು. ಭಾರತದ ರಾಗಿಯಲ್ಲಿ ಈ ರೋಗ 1920ರಲ್ಲಿ ತಂಜಾವೂರು ಸೀಮೆಯಿಂದ ಮೊದಲು ವರದಿಯಾಯಿತು. ಇದರ ಹತ್ತಿರದ ಬಂಧುಗಳೇ ಬತ್ತಕ್ಕೂ ಗೋದಿಗೂ ಬೆಂಕಿ ರೋಗವನ್ನು ತರುತ್ತವೆ. ಗೋದಿಯ ಬೆಂಕಿ ರೋಗ 1985ರಲ್ಲಿ ಬ್ರೆಜಿಲ್ ದೇಶದಲ್ಲಿ ಕಾಣಿಸಿಕೊಂಡು, 2016ರಲ್ಲಿ ನಮ್ಮ ನೆರೆಯ ಬಾಂಗ್ಲಾದೇಶವನ್ನೂ ಮುಟ್ಟಿತು. ರಾಗಿಯಲ್ಲಿ ಈ ರೋಗದಿಂದ ಸರಾಸರಿ ಶೇಕಡ 28ರಷ್ಟು ಬೆಳೆ ನಷ್ಟವಾಗುವುದೆಂದೂ, ರೋಗ ನೆಲೆಯೂರಿದ ಕಡೆ ನಷ್ಟ ಶೇಕಡ 80ನ್ನು ಮೀರಬಹುದೆಂದೂ ಸಂಶೋಧಕರು ಹೇಳಿದ್ದಾರೆ.

ಮೊದಲು ಬೀಜಾಣುವಿನ ಪ್ರಯಾಣವನ್ನು ನೋಡೋಣ. ಎಲೆಯ ಮೇಲಿನ ಒಂದು ಮಚ್ಚೆ ಒಂದು ರಾತ್ರಿಗೆ ಸಾವಿರಾರು ಬೀಜಾಣುಗಳನ್ನು ಬಿಡಬಲ್ಲುದು. ಒಂದೊಂದರ ಉದ್ದ ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಸಣ್ಣ ಕಣ ಗಾಳಿಯಲ್ಲಿ ಕಲ್ಲಿನಂತೆ ಬೀಳುವುದಿಲ್ಲ. ವಾಯುವಿನ ಸ್ನಿಗ್ಧತೆ ಅದನ್ನು ತಡೆಹಿಡಿಯುತ್ತದೆ. ತರಗತಿಯಲ್ಲಿ ಕಲಿತ ಸ್ಟೋಕ್ಸನ ಸೂತ್ರದಿಂದ ಲೆಕ್ಕ ಹಾಕಿದರೆ ಇದರ ಪತನವೇಗ ಸೆಕೆಂಡಿಗೆ ಅರ್ಧ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಒಂದು ಮೀಟರ್ ಇಳಿಯಲು ಸುಮಾರು ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ಮಂದಮಾರುತವೂ ಅದನ್ನು ಇನ್ನೂರು ಮೀಟರಿಗಿಂತ ದೂರ ಒಯ್ದಿರುತ್ತದೆ. ಒಬ್ಬನ ಹೊಲದ ರೋಗ ನೆರೆಯವನ ಬದುವಿನಲ್ಲಿ ನಿಲ್ಲದಿರಲು ಇದೇ ಕಾರಣ.

ಎಲೆಯ ಮೇಲೆ ಕುಳಿತ ಮಾತ್ರಕ್ಕೆ ರೋಗ ಬರುವುದಿಲ್ಲ. ಬೀಜಾಣು ಮೊಳೆಯಲು ನೀರು ಬೇಕು. ಆ ನೀರನ್ನು ಇಬ್ಬನಿ ಒದಗಿಸುತ್ತದೆ. ಮೋಡವಿಲ್ಲದ, ಗಾಳಿ ನಿಂತ ರಾತ್ರಿಯಲ್ಲಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣದ ಮೂಲಕ ಕಳೆದುಕೊಂಡು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಎಲೆಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದೊಡನೆ ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ. ತುಂತುರು ಮಳೆಯೂ ಇದೇ ಕೆಲಸವನ್ನು ಮಾಡುತ್ತದೆ. ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದು, ಎಲೆ ಸುಮಾರು ಹತ್ತು ಗಂಟೆ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಅಷ್ಟು ಸಾಕು. ಪೈರು ಒತ್ತೊತ್ತಾಗಿದ್ದಲ್ಲಿ ಬೆಳಗಿನ ಬಿಸಿಲೂ ಗಾಳಿಯೂ ಒಳಹೊಗಲಾರದೆ ಈ ತೇವ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ಇನ್ನು ಮುಂದಿನದು ನಿಜವಾಗಿಯೂ ಸೋಜಿಗದ ಸಂಗತಿ. ಮೊಳೆತ ಬೀಜಾಣು ತನ್ನ ಎಳೆಯ ತುದಿಯಲ್ಲಿ ಗುಮ್ಮಟದಂಥ ಒಂದು ಕೋಶವನ್ನು ಕಟ್ಟಿ, ಎಲೆಗೆ ಅಂಟಿಕೊಳ್ಳುತ್ತದೆ. ಗುಮ್ಮಟದ ಗೋಡೆಗೆ ಒಳಗಡೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಲೇಪ ಬೀಳುತ್ತದೆ. ಈ ಲೇಪ ನೀರನ್ನು ಒಳಗೆ ಬಿಡುತ್ತದೆ, ಒಳಗಿನ ಗ್ಲಿಸರಾಲನ್ನು ಹೊರಗೆ ಬಿಡುವುದಿಲ್ಲ. ಬತ್ತದ ಶಿಲೀಂಧ್ರದಲ್ಲಿ ಗ್ಲಿಸರಾಲಿನ ಸಾಂದ್ರತೆ ಲೀಟರಿಗೆ 3.2 ಮೋಲ್‌ಗಳವರೆಗೂ ಏರುವುದೆಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವಾಂಟ್ ಹಾಫನ ನಿಯಮದಂತೆ ಅಭಿಸರಣ ಒತ್ತಡವನ್ನು ಲೆಕ್ಕ ಹಾಕೋಣ: 3.2 × 0.082 × 298 = ಸುಮಾರು 78 ವಾಯುಮಂಡಲಗಳು. ಇದಕ್ಕೂ ಮೊದಲೇ, 1991ರಲ್ಲಿ, ಬೇರೊಂದು ವಿಧಾನದಿಂದ ಅಳೆದಾಗ ದೊರೆತ ಒತ್ತಡ ಸುಮಾರು 80 ವಾಯುಮಂಡಲಗಳು. ಎರಡೂ ಎಷ್ಟು ಚೆನ್ನಾಗಿ ತಾಳೆಯಾಗುತ್ತವೆ! ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡ ಎರಡು ವಾಯುಮಂಡಲದಷ್ಟು ಮಾತ್ರ. ಶಿಲೀಂಧ್ರದ್ದು ಅದರ ನಲವತ್ತರಷ್ಟು.

ಈ ಒತ್ತಡವೆಲ್ಲ ಗುಮ್ಮಟದ ಅಡಿಯಿಂದ ಹೊರಡುವ, ಒಂದು ಮೈಕ್ರಾನ್ ದಪ್ಪದ ಮೊಳೆಯೊಂದರ ಮೂಲಕ ಎಲೆಯ ಮೇಲೆ ಬೀಳುತ್ತದೆ. ಒತ್ತಡವನ್ನು ಮೊಳೆಯ ವಿಸ್ತೀರ್ಣದಿಂದ ಗುಣಿಸಿದರೆ ಬರುವ ಬಲವೆಷ್ಟು? ಒಂದು ರಾಗಿಕಾಳಿನ ತೂಕದ ನಾಲ್ಕನೆಯ ಒಂದು ಭಾಗದಷ್ಟು! ಬಲ ಅತ್ಯಲ್ಪ, ಅದು ಬೀಳುವ ಜಾಗ ಇನ್ನೂ ಅಲ್ಪವಾದುದರಿಂದ ಸೂಜಿಯಂತೆ ಒಳಕ್ಕೆ ಚುಚ್ಚುತ್ತದೆ. ಬಲಕ್ಕೂ ಒತ್ತಡಕ್ಕೂ ಇರುವ ಭೇದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಹಾಗಾದರೆ ತಡೆಯುವ ಬಗೆ ಹೇಗೆ? ರೋಗ ಬರಬೇಕಾದರೆ ಮೂರು ಕೂಡಬೇಕು: ಬೇಗ ಸೋಲುವ ಬೆಳೆ, ರೋಗಾಣು, ಅನುಕೂಲವಾದ ಹವೆ. ಹವೆ ನಮ್ಮ ಕೈಯಲ್ಲಿಲ್ಲ. ಉಳಿದೆರಡರ ಮೇಲೆ ನಾವು ಕೈಮಾಡಬಹುದು.

ಬೆಳೆಯ ಸುಧಾರಣೆಯ ಕಾರ್ಯ ಈ ನಾಡಿನಲ್ಲಿ ಶತಮಾನದಷ್ಟು ಹಳೆಯದು. ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದಾಗ, 1918ರಲ್ಲಿ, ಹೆಚ್ 22 ಎಂಬ ಸುಧಾರಿತ ರಾಗಿ ತಳಿ ಹೊರಬಂದಿತು. ಮುಂದೆ ಮಂಡ್ಯದಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಡಾ. ಸಿ. ಹೆಚ್. ಲಕ್ಷ್ಮಣಯ್ಯನವರು ಭಾರತದ ಹಾಗೂ ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ, ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದರು. ಇಂಡಾಫ್ ಮನೆತನದಿಂದಲೇ ಹುಟ್ಟಿ 1990ರ ದಶಕದಲ್ಲಿ ಬೆಂಗಳೂರಿನಿಂದ ಬಿಡುಗಡೆಯಾದ ಜಿ.ಪಿ.ಯು. 28 ತಳಿಗೆ ಬೆಂಕಿ ರೋಗವನ್ನು ಎದುರಿಸುವ ಶಕ್ತಿಯೂ ಸೇರಿಕೊಂಡಿತು. ಎಂ.ಎಲ್. 365 ತಳಿಯೂ ಈ ರೋಗವನ್ನು ತಾಳಿಕೊಳ್ಳುವಂಥದು. ಒಳ್ಳೆಯ ತಳಿಯ ಬೀಜವೇ ಎಲ್ಲಕ್ಕಿಂತ ಅಗ್ಗದ ಔಷಧ. ಆದರೆ ಶಿಲೀಂಧ್ರವೂ ಬದಲಾಗುವ ಜೀವಿಯಾದುದರಿಂದ ತಳಿ ಸಂವರ್ಧಕರ ಕೆಲಸ ಎಂದೂ ಮುಗಿಯುವುದಿಲ್ಲ.

ಎರಡನೆಯದಾಗಿ, ರೋಗಾಣುವಿನ ದಾರಿಗಳನ್ನು ಮುಚ್ಚಬೇಕು. ಅದು ಬೀಜದ ಜೊತೆಯಲ್ಲಿಯೂ ಬರುವುದರಿಂದ ರೋಗ ಬಿದ್ದ ಹೊಲದ ರಾಗಿಯನ್ನು ಬಿತ್ತನೆಗೆ ಇಡಬಾರದು. ಕಿಲೋಗ್ರಾಂ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಬಿತ್ತುವುದುಂಟು. ಸ್ಯೂಡೊಮೋನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯವನ್ನೂ ಬೀಜೋಪಚಾರಕ್ಕೆ ಬಳಸುತ್ತಾರೆ. ಬೆಳೆಯ ಕಸದಲ್ಲಿಯೂ ಬದುವಿನ ಹುಲ್ಲುಗಳಲ್ಲಿಯೂ ರೋಗ ಅಡಗಿರಬಹುದಾದ್ದರಿಂದ ಅವನ್ನು ತೆಗೆಯಬೇಕು. ಸಾರಜನಕದ ಗೊಬ್ಬರ ಅತಿಯಾದರೆ ಪೈರು ಸೊಂಪಾಗಿ ಕಂಡರೂ ರೋಗಕ್ಕೆ ಬೇಗ ಸೋಲುತ್ತದೆ. ಅದನ್ನು ಮಿತವಾಗಿ, ಕಂತುಗಳಲ್ಲಿ ಕೊಡಬೇಕು. ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ಅವು ರಾಗಿಯ ಶಿಲೀಂಧ್ರಕ್ಕೆ ಆಹಾರವಲ್ಲ. ಒಂದು ಬೆಳೆ ಕೆಟ್ಟರೂ ಮನೆಗೆ ಇನ್ನೊಂದು ಬರುತ್ತದೆ.

ಕೊನೆಯದು ಸಿಂಪರಣೆ. ಬತ್ತದ ಬೆಂಕಿ ರೋಗಕ್ಕೆ ಬಳಕೆಗೆ ಬಂದ ಟ್ರೈಸೈಕ್ಲಜೋಲ್ ಎಂಬ ಔಷಧ ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಮೆಲನಿನ್ ಹುಟ್ಟದಂತೆ ಮಾಡುತ್ತದೆ. ಲೇಪವಿಲ್ಲದ ಗುಮ್ಮಟದಿಂದ ಗ್ಲಿಸರಾಲ್ ಸೋರಿಹೋಗಿ, ಒತ್ತಡ ಏರುವುದಿಲ್ಲ, ಮೊಳೆ ಒಳಹೊಗುವುದಿಲ್ಲ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ: ಇಂಥ ಔಷಧ ಕಾವಲುಗಾರನೇ ಹೊರತು ವೈದ್ಯನಲ್ಲ. ಕುತ್ತಿಗೆ ಕಪ್ಪಾದ ಮೇಲೆ ಯಾವ ಔಷಧವೂ ಜೊಳ್ಳನ್ನು ಕಾಳು ಮಾಡಲಾರದು. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದಿಬಣ್ಣದ ಮಚ್ಚೆಗಳು ಕಂಡಾಗಲೇ ಎಚ್ಚರಗೊಂಡು, ತೆನೆ ಹೊರಡುವ ಮುನ್ನವೇ ನಿರ್ಧರಿಸಬೇಕು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯುವುದು ಲೇಸು. ಅಗತ್ಯವಿಲ್ಲದ ಸಿಂಪರಣೆ ಹಣಕ್ಕೂ ಹಾನಿ, ಉಣ್ಣುವವರಿಗೂ ಹಾನಿ.

ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಅನೇಕರು ರಾಗಿ ಬೆಳೆವ ಮನೆಗಳಿಂದಲೇ ಬಂದವರು. ತೆನೆ ಬಿಡುವ ತಿಂಗಳಲ್ಲಿ ಅವರು ದಿನವೂ ಬೆಳಗ್ಗೆ ಹೊಲಕ್ಕೆ ಹೋಗಿ, ಎಲೆಯ ಇಬ್ಬನಿ ಎಷ್ಟು ಗಂಟೆಗೆ ಆರಿತು, ಉಷ್ಣತೆ ಎಷ್ಟಿತ್ತು, ಹೊಸ ಮಚ್ಚೆಗಳು ಎಷ್ಟಾದವು ಎಂದು ಬರೆದಿಡಬಹುದು. ಇದಕ್ಕೆ ಬೇಕಾದ ಉಪಕರಣ ಒಂದು ಉಷ್ಣಮಾಪಕ, ಒಂದು ಗಡಿಯಾರ, ಒಂದು ನೋಟುಪುಸ್ತಕ. ಎರಡು ಮೂರು ವರ್ಷ ಹೀಗೆ ಬರೆದಿಟ್ಟ ಲೆಕ್ಕ ಆ ಊರಿನ ರೈತರಿಗೆ, ಯಾವ ವಾರದಲ್ಲಿ ಎಚ್ಚರದಿಂದಿರಬೇಕೆಂಬುದನ್ನು ತಿಳಿಸಬಲ್ಲುದು.