ಆ್ಯಂಟಿ ಡಂಪಿಂಗ್ ಸುಂಕ ಮತ್ತು ಸಣ್ಣ ಉದ್ಯಮಿಗಳ ಒಗ್ಗಟ್ಟು

ವಿದೇಶಿ ತಯಾರಕರು ತಮ್ಮ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆ ಬೆಲೆಗೆ ಅದೇ ಸರಕನ್ನು ನಮ್ಮ ದೇಶಕ್ಕೆ ರಫ್ತು ಮಾಡುವುದನ್ನು ಡಂಪಿಂಗ್ ಎನ್ನುತ್ತಾರೆ. ಇದರಿಂದ ದೇಶೀಯ ಉದ್ಯಮಕ್ಕೆ ಹಾನಿಯಾಗಿರುವುದು ತನಿಖೆಯಲ್ಲಿ ಸಾಬೀತಾದಲ್ಲಿ, 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಮಿನನ್ವಯ ಕೇಂದ್ರ ಸರ್ಕಾರವು ಆ್ಯಂಟಿ ಡಂಪಿಂಗ್ ಸುಂಕ ವಿಧಿಸಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವೂ ಇದಕ್ಕೆ ಅವಕಾಶ ನೀಡಿದೆ.

ಆದರೆ ಈ ಪರಿಹಾರವನ್ನು ಸಣ್ಣ ಘಟಕವೊಂದು ಒಂಟಿಯಾಗಿ ಪಡೆಯಲಾರದು. 1995ರ ನಿಯಮಾವಳಿಯ 5ನೆಯ ನಿಯಮವು ಎರಡು ಷರತ್ತುಗಳನ್ನು ವಿಧಿಸುತ್ತದೆ. ಅರ್ಜಿಯನ್ನು ಬೆಂಬಲಿಸುವವರ ಉತ್ಪಾದನೆಯು ಒಟ್ಟು ದೇಶೀಯ ಉತ್ಪಾದನೆಯ ಶೇ. 25ಕ್ಕಿಂತ ಕಡಿಮೆಯಿರಬಾರದು. ಅಲ್ಲದೆ, ಪರ ಅಥವಾ ವಿರೋಧ ಅಭಿಪ್ರಾಯ ತಿಳಿಸಿದ ತಯಾರಕರ ಒಟ್ಟು ಉತ್ಪಾದನೆಯಲ್ಲಿ ಬೆಂಬಲಿಗರ ಪಾಲು ಶೇ. 50ನ್ನು ಮೀರಿರಬೇಕು. ಉದಾಹರಣೆಗೆ, ಒಟ್ಟು ಉತ್ಪಾದನೆ 1,000 ಟನ್ ಎಂದಿಟ್ಟುಕೊಳ್ಳೋಣ. ಬೆಂಬಲ 240 ಟನ್ ಮಾತ್ರವಿದ್ದರೆ, ವಿರೋಧವೇ ಇಲ್ಲದಿದ್ದರೂ ಅರ್ಜಿ ಊರ್ಜಿತವಾಗದು. ಬೆಂಬಲ 300 ಟನ್, ವಿರೋಧ 320 ಟನ್ ಇದ್ದಾಗಲೂ ಅದೇ ಗತಿ.

ತೊಡಕಿರುವುದು ಇಲ್ಲಿಯೇ. ಸುಂಕ ಜಾರಿಯಾದರೆ ಅರ್ಜಿಗೆ ಸಹಿ ಹಾಕಿದವರಿಗೂ ಹಾಕದವರಿಗೂ ಲಾಭ ಒಂದೇ. ವೆಚ್ಚ ಹಾಗೂ ಶ್ರಮ ಮಾತ್ರ ಮುಂದೆ ಬಂದವರದು. ಆದ್ದರಿಂದ ಪ್ರತಿಯೊಬ್ಬರೂ ಬೇರೆಯವರು ಮುಂದಾಗಲೆಂದು ಕಾಯುತ್ತಾರೆ. ಸದಸ್ಯರ ಸಂಖ್ಯೆ ಹೆಚ್ಚಿದಷ್ಟೂ ಒಗ್ಗೂಡುವುದು ಕಷ್ಟವೆಂಬುದನ್ನು ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್ 1965ರಲ್ಲಿಯೇ ವಿವರಿಸಿದ್ದರು. ಬೆರಳೆಣಿಕೆಯ ದೊಡ್ಡ ತಯಾರಕರಿರುವ ರಾಸಾಯನಿಕ ಕ್ಷೇತ್ರದಿಂದ ಹೆಚ್ಚು ಅರ್ಜಿಗಳು ಬರುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಸಣ್ಣವರಿಗೆ ಈ ದಾರಿ ಮುಚ್ಚಿಲ್ಲ. ರಾಮನಗರ, ಶಿಡ್ಲಘಟ್ಟಗಳ ರೀಲರುಗಳಂತಹ ಅಸಂಖ್ಯ ಸಣ್ಣ ಉತ್ಪಾದಕರನ್ನುಳ್ಳ ರೇಷ್ಮೆ ಉದ್ಯಮದಲ್ಲಿಯೂ, ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಈ ಸುಂಕ ಜಾರಿಯಾಯಿತು. ಅಗ್ಗದ ನೂಲನ್ನು ಅವಲಂಬಿಸಿದ ನೇಕಾರರ ಹಿತ ಬೇರೆಯಾಗಿತ್ತೆಂಬುದನ್ನೂ ಮರೆಯಬಾರದು. ಆಮದುದಾರರು ಹಾಗೂ ಬಳಕೆದಾರ ಉದ್ಯಮಗಳು ತನಿಖೆಯಲ್ಲಿ ತಮ್ಮ ವಾದ ಮಂಡಿಸಬಹುದು. ಅವರೂ ಸಂಘಟಿತರಾಗಿರುವುದು ಒಳಿತು.

ಈಗ ಅರ್ಜಿಗಳ ತನಿಖೆ ನಡೆಸುವುದು 2018ರಲ್ಲಿ ರಚಿತವಾದ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಸುಂಕ ವಿಧಿಸುವ ಅಂತಿಮ ನಿರ್ಧಾರ ಹಣಕಾಸು ಸಚಿವಾಲಯದ್ದು. ಅರ್ಜಿಯ ಯೋಚನೆಯುಳ್ಳ ಉದ್ಯಮ ಸಂಘಗಳು ಮೂರು ಸಿದ್ಧತೆಗಳನ್ನು ಮಾಡಿಕೊಳ್ಳಬೇಕು:

1. ಪ್ರತಿ ಘಟಕವೂ ಸರಕುವಾರು ಉತ್ಪಾದನೆ, ಮಾರಾಟ, ದಾಸ್ತಾನು ಮತ್ತು ತಯಾರಿಕಾ ವೆಚ್ಚದ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಇಡಬೇಕು.

2. ಅರ್ಜಿಯ ಖರ್ಚನ್ನು ಉತ್ಪಾದನೆಯ ಪ್ರಮಾಣಕ್ಕನುಗುಣವಾಗಿ ಮೊದಲೇ ಹಂಚಿಕೊಳ್ಳಬೇಕು.

3. ವೆಚ್ಚದ ವಿವರಗಳನ್ನು ಸಂಘದ ಪದಾಧಿಕಾರಿಗಳ ಬದಲು ಲೆಕ್ಕಪರಿಶೋಧಕರೊಬ್ಬರು ಸಂಗ್ರಹಿಸಬೇಕು. ಗೋಪ್ಯವೆಂದು ಒಪ್ಪಿದ ಮಾಹಿತಿಗೆ 7ನೆಯ ನಿಯಮವು ರಕ್ಷಣೆ ನೀಡುತ್ತದೆ.

ಹಾನಿಯಾದ ಬಳಿಕ ಲೆಕ್ಕ ಹುಡುಕಹೊರಟರೆ ಹಿಂದಿನ ವರ್ಷಗಳ ಅಂಕಿಅಂಶ ದೊರೆಯದು. ಆದ್ದರಿಂದ ಈ ಸಿದ್ಧತೆ ಈ ಆರ್ಥಿಕ ವರ್ಷದಿಂದಲೇ ಆರಂಭವಾಗಲಿ.