ಮದ್ಯಕ್ಕೆ ವಯಸ್ಸು ಹದಿನೆಂಟೋ, ಇಪ್ಪತ್ತೊಂದೋ? ಕಾನೂನಿನ ಗೆರೆ ಮತ್ತು ಶರಣರ ಸದಾಚಾರ

ಮಠಕ್ಕೆ ಬರುವ ತಂದೆ-ತಾಯಿಗಳು ಎಲ್ಲರೂ ಎದ್ದುಹೋದ ಮೇಲೆ ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ. "ಬುದ್ಧಿ, ಮಗನಿಗೆ ಹದಿನೆಂಟು ತುಂಬಿತು. ಮತ ಹಾಕುವ ವಯಸ್ಸಾಯಿತು, ಇನ್ನು ಕುಡಿದರೆ ಕೇಳುವವರು ಯಾರು ಎನ್ನುತ್ತಾನೆ. ಕಾನೂನು ನಿಜವಾಗಿ ಹಾಗೆಯೇ ಹೇಳುತ್ತದೆಯೇ?" ಈ ಪ್ರಶ್ನೆಯನ್ನು ಗದರಿಸಿ ಮುಚ್ಚಿಬಿಡುವುದು ಸುಲಭ. ಆದರೆ ಪ್ರಶ್ನಿಸುವುದನ್ನು ಕಲಿಸಿದ ಅನುಭವ ಮಂಟಪದ ಪರಂಪರೆಯವರಾದ ನಾವು ಹಾಗೆ ಮಾಡಲಾಗದು. ಆದುದರಿಂದ ಕಾನೂನು ಏನು ಹೇಳುತ್ತದೆ, ಏಕೆ ಹೇಳುತ್ತದೆ, ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ನಮ್ಮ ಬಾಗಲಗುಂಟೆಗೆ ಈ ವಿಚಾರ ದೂರದ್ದಲ್ಲ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಹೆಸರಘಟ್ಟ ರಸ್ತೆಯುದ್ದಕ್ಕೂ ಕಾಲೇಜುಗಳು. ಕಲಬುರಗಿ, ವಿಜಯಪುರ, ರಾಯಚೂರು, ತುಮಕೂರು, ಹಾಸನಗಳಿಂದ ಓದಲೆಂದೋ ದುಡಿಯಲೆಂದೋ ಬಂದ ಹದಿನೆಂಟು-ಇಪ್ಪತ್ತರ ಮಕ್ಕಳು ಇಲ್ಲಿನ ಬಾಡಿಗೆ ಕೊಠಡಿಗಳಲ್ಲಿ, ಪಿ.ಜಿ.ಗಳಲ್ಲಿ ವಾಸವಾಗಿದ್ದಾರೆ. ಕೈಯಲ್ಲಿ ಮೊದಲ ಸಂಬಳವಿದೆ. ರಾತ್ರಿ ತಡವಾಗಿ ಬಂದರೆ "ಎಲ್ಲಿದ್ದೆಯಪ್ಪಾ?" ಎಂದು ಕೇಳುವ ಅಜ್ಜಿ ಮನೆಯಲ್ಲಿಲ್ಲ. ವಯಸ್ಸಿನ ಚರ್ಚೆ ನಿಜವಾಗಿ ನಡೆಯಬೇಕಾದದ್ದು ಇಂತಹ ಮಕ್ಕಳ ನಡುವೆ.

ಕಾನೂನು ಏನು ಹೇಳುತ್ತದೆ?

ಮದ್ಯದ ವಿಷಯವನ್ನು ನಮ್ಮ ಸಂವಿಧಾನವು ರಾಜ್ಯಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಇಡೀ ದೇಶಕ್ಕೆ ಒಂದೇ ವಯಸ್ಸಿಲ್ಲ. ಗೋವಾದಲ್ಲಿ 18, ತಮಿಳುನಾಡು ಮತ್ತು ತೆಲಂಗಾಣದಲ್ಲಿ 21, ಕೇರಳದಲ್ಲಿ 23, ದೆಹಲಿಯಲ್ಲಿ 25. ಗುಜರಾತ್ ಮತ್ತು ಬಿಹಾರಗಳಲ್ಲಿ ಪಾನನಿಷೇಧವೇ ಇದೆ. ಕಾಸರಗೋಡಿನ ಕನ್ನಡದ ಯುವಕನಿಗೆ ಇರುವ ನಿಯಮ ಒಂದು, ಕಾರವಾರದಿಂದ ಗಡಿ ದಾಟಿ ಗೋವಾಕ್ಕೆ ಹೋದವನಿಗೆ ಇರುವ ನಿಯಮ ಇನ್ನೊಂದು.

ಕರ್ನಾಟಕದಲ್ಲಿ ಒಂದು ವಿಚಿತ್ರವಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 36ನೆಯ ಕಲಂ 18 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಆದರೆ ಅದೇ ಕಾಯ್ದೆಯಡಿ ರಚಿಸಿದ 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು 21 ವರ್ಷದೊಳಗಿನವರಿಗೆ ಮಾರಬಾರದೆಂದು ಅಂಗಡಿಯವನ ಮೇಲೆ ಷರತ್ತು ವಿಧಿಸುತ್ತವೆ. ಸನ್ನದು ಪಡೆದವನು ಆ ಷರತ್ತಿಗೆ ಬದ್ಧನಾಗಿರಬೇಕು. ಆದ್ದರಿಂದ ಅಂಗಡಿಯಲ್ಲಿ ಪಾಲನೆಯಾಗಬೇಕಾದ ವಯಸ್ಸು 21. "ಹದಿನೆಂಟಕ್ಕೆ ಕಾನೂನು ಒಪ್ಪಿದೆ" ಎನ್ನುವ ಮಗನಿಗೆ ತಂದೆ-ತಾಯಿಗಳು ಮೊದಲು ತಿಳಿಸಬೇಕಾದದ್ದು ಇದನ್ನೇ.

2023ರ ಜನವರಿಯಲ್ಲಿ ರಾಜ್ಯ ಸರ್ಕಾರವು ಈ 21ನ್ನು 18ಕ್ಕೆ ಇಳಿಸುವ ಕರಡು ತಿದ್ದುಪಡಿಯನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿತು. ಕಾಯ್ದೆಗೂ ನಿಯಮಕ್ಕೂ ಹೊಂದಾಣಿಕೆ ತರುವುದು ಎಂಬ ಕಾರಣ ಕೇಳಿಬಂದಿತು. ಸಾರ್ವಜನಿಕರಿಂದ, ಸಂಘ-ಸಂಸ್ಥೆಗಳಿಂದ ವಿರೋಧ ಎಷ್ಟು ತೀವ್ರವಾಗಿ ಬಂದಿತೆಂದರೆ ಅದೇ ತಿಂಗಳಲ್ಲಿ ಪ್ರಸ್ತಾವವನ್ನು ಹಿಂಪಡೆಯಲಾಯಿತು. ಸಮಾಜ ಎಚ್ಚರವಾಗಿದ್ದರೆ ಸರ್ಕಾರವೂ ಕಿವಿಗೊಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಕಾಯ್ದೆಯಲ್ಲಿನ 18 ಹಾಗೆಯೇ ಉಳಿದಿದೆ. ಆದ್ದರಿಂದ ಈ ಪ್ರಶ್ನೆ ಮತ್ತೆ ಏಳಬಹುದು.

ಯುವಕರ ವಾದ

ಕಡಿಮೆ ವಯಸ್ಸನ್ನು ಬೆಂಬಲಿಸುವವರ ವಾದವನ್ನೂ ನ್ಯಾಯವಾಗಿ ಆಲಿಸೋಣ. ಹದಿನೆಂಟಕ್ಕೆ ಶಾಸಕನನ್ನು ಆರಿಸಬಲ್ಲವನು, ವಾಹನ ಓಡಿಸಬಲ್ಲವನು, ಸೈನ್ಯ ಸೇರಬಲ್ಲವನು ಒಂದು ಲೋಟದ ವಿಷಯದಲ್ಲಿ ಮಾತ್ರ ಬಾಲಕನೇ ಎಂದು ಅವರು ಕೇಳುತ್ತಾರೆ. ಹೇಗೂ ಕುಡಿಯುವವರು ಕದ್ದು ಕುಡಿಯುತ್ತಾರೆ, ಕದ್ದು ಕುಡಿಯುವುದು ಇನ್ನೂ ಅಪಾಯವೆಂದೂ ಹೇಳುತ್ತಾರೆ.

ಮೊದಲ ಮಾತಿಗೆ ಉತ್ತರ ಕಾನೂನಿನಲ್ಲಿಯೇ ಇದೆ. ಕಾನೂನು ಎಲ್ಲ ಹೊಣೆಗಳಿಗೂ ಒಂದೇ ವಯಸ್ಸನ್ನು ಇಟ್ಟಿಲ್ಲ. 1988ರ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ತಂದಿತು, ನಿಜ. ಆದರೆ ಸರಕು ಸಾಗಿಸುವ ವಾಹನ ಓಡಿಸಲು 20, ಗಂಡಿಗೆ ವಿವಾಹಕ್ಕೆ 21, ವಿಧಾನಸಭೆಗೆ ಸ್ಪರ್ಧಿಸಲು 25, ವಿಧಾನ ಪರಿಷತ್ತಿಗೆ 30 ವರ್ಷ ತುಂಬಿರಬೇಕು. ಒಂದೊಂದು ಕೆಲಸಕ್ಕೆ ಬೇಕಾದ ಪಕ್ವತೆಯೂ ಅದರಿಂದ ಒದಗಬಹುದಾದ ಹಾನಿಯೂ ಬೇರೆ ಬೇರೆ. ಮತ ಹಾಕುವಾಗ ಬುದ್ಧಿ ಎಚ್ಚರವಾಗಿರುತ್ತದೆ. ಮದ್ಯವಾದರೋ ಆ ಬುದ್ಧಿಯನ್ನೇ ಮಂಕಾಗಿಸುತ್ತದೆ.

ವೈದ್ಯಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ವಿವೇಚಿಸುವ, ಆತುರವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎಳೆಯ ವಯಸ್ಸಿನಲ್ಲಿ ಕುಡಿತ ಆರಂಭಿಸಿದವರಲ್ಲಿ ಅದು ಚಟವಾಗಿ ಬೇರೂರುವ ಸಾಧ್ಯತೆ ಹೆಚ್ಚು. ಇಪ್ಪತ್ತೊಂದಾದ ಮೇಲೆ ಅದು ನಿರಪಾಯವೆಂದೂ ಅಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು 1988ರಲ್ಲಿಯೇ ವರ್ಗೀಕರಿಸಿದೆ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು 2023ರಲ್ಲಿ ಅದೇ ಸಂಸ್ಥೆ ಹೇಳಿದೆ.

"ಹೇಗೂ ಕುಡಿಯುತ್ತಾರೆ" ಎಂಬ ಎರಡನೆಯ ವಾದಕ್ಕೆ ಅಮೆರಿಕದ ಅನುಭವ ಉತ್ತರ ಕೊಡುತ್ತದೆ. 1970ರ ದಶಕದಲ್ಲಿ ಅಲ್ಲಿನ ಹಲವು ರಾಜ್ಯಗಳು ವಯಸ್ಸನ್ನು ಇಳಿಸಿದವು. ಯುವಕರ ವಾಹನ ಅಪಘಾತಗಳು ಹೆಚ್ಚಿದವು. 1984ರಲ್ಲಿ ಒಕ್ಕೂಟ ಸರ್ಕಾರವು 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕುವ ಕಾಯ್ದೆ ತಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ಗೆರೆ ಎಳೆದ ಮಾತ್ರಕ್ಕೆ ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಆದರೆ ಗೆರೆ ಇದ್ದಾಗ ಉಳಿಯುವ ಜೀವಗಳಿವೆ. ತುಮಕೂರು ರಸ್ತೆಯಲ್ಲಿ ನಡುರಾತ್ರಿ ಬೈಕ್ ಓಡಿಸುವ ಮಕ್ಕಳ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಜಾನೆಯ ಇಕ್ಕಟ್ಟು

ಒಂದು ಕಹಿಸತ್ಯವನ್ನೂ ಹೇಳಬೇಕು. ಸಂವಿಧಾನದ 47ನೆಯ ವಿಧಿಯು ಮಾದಕ ಪಾನೀಯಗಳ ಸೇವನೆಯನ್ನು ತಡೆಯಲು ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸ್ಪಷ್ಟಪಡಿಸಿತು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಇಷ್ಟಾದರೂ 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಯಾವ ಪಕ್ಷದ ಸರ್ಕಾರ ಬಂದರೂ ಈ ಆದಾಯದ ಹಂಗು ತಪ್ಪಿಲ್ಲ. ಕುಡಿತದಿಂದ ಸಂಸಾರ ಬೀದಿಗೆ ಬಂದ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದದ್ದನ್ನು ನಾವು ಮರೆಯಬಾರದು. ಖಜಾನೆಯ ಲೆಕ್ಕದಲ್ಲಿ ಬರುವ ಹಣ ಮಾತ್ರ ಕಾಣುತ್ತದೆ. ಆ ತಾಯಂದಿರ ಮನೆಯಿಂದ ಹೋದದ್ದು ಕಾಣುವುದಿಲ್ಲ.

ಶರಣರ ದಾರಿ

ಪಂಚಾಚಾರಗಳಲ್ಲಿ ಸದಾಚಾರವು ವ್ಯಕ್ತಿಯ ನಡತೆಗೆ, ಗಣಾಚಾರವು ಸಮುದಾಯದ ಹೊಣೆಗೆ ಸಂಬಂಧಿಸಿದ್ದು. ಅಬಕಾರಿ ನಿಯಮವು ಮಾರುವವನ ಕೈಯನ್ನು ತಡೆಯುತ್ತದೆ. ಕುಡಿಯುವವನ ಮನಸ್ಸನ್ನು ತಡೆಯಬೇಕಾದದ್ದು ಸದಾಚಾರ. ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುವವನಿಗೆ 21 ತುಂಬಿದ ದಿನ ಅಪ್ಪಣೆಯ ದಿನವಾಗದು. ನಮಗೆ ಮದ್ಯಕ್ಕೆ ಯೋಗ್ಯ ವಯಸ್ಸೆಂಬುದೇ ಇಲ್ಲ. ಆದರೂ ಕಾನೂನಿನ 21 ಉಳಿಯಲೆಂದು ನಾವು ಬಯಸುತ್ತೇವೆ, ಏಕೆಂದರೆ ಎಲ್ಲರಿಗೂ ಸಂಸ್ಕಾರ ದೊರೆತಿರುವುದಿಲ್ಲ. ಎಲ್ಲರಿಗೂ ರಕ್ಷಣೆಯಂತೂ ಬೇಕು.

ಇಲ್ಲಿ ಹೆಂಡದ ಮಾರಯ್ಯನವರನ್ನು ಸ್ಮರಿಸಬೇಕು. ಹೆಂಡ ಮಾರುವ ವೃತ್ತಿಯಲ್ಲಿದ್ದವರನ್ನೂ ಕಲ್ಯಾಣವು ಹೊರಗಿಡಲಿಲ್ಲ. ಆ ವೃತ್ತಿಯ ಮಾತುಗಳನ್ನೇ ಬಳಸಿ ಅವರು ಅರಿವಿನ ವಚನಗಳನ್ನು ರಚಿಸಿದರು. ಅಂಗಡಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದರೆಂದು ಪರಂಪರೆ ನೆನೆಯುತ್ತದೆ. ಚಟವನ್ನು ದೂರಬೇಕೇ ಹೊರತು ಮನುಷ್ಯನನ್ನು ದೂರವಿಡಬಾರದು ಎಂಬುದು ಅವರ ಬದುಕಿನ ಪಾಠ.

ನಮ್ಮ ಕಾಲದಲ್ಲಿ ಈ ಪಾಠವನ್ನು ನಡೆದು ತೋರಿದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು. 1975ರಿಂದ ಅವರು ಜೋಳಿಗೆ ಹಿಡಿದು ಊರೂರು ಸುತ್ತಿದರು. ಜನರ ಮುಂದೆ ಅವರು ಬೇಡಿದ್ದು ದವಸವನ್ನಲ್ಲ, ದುಡ್ಡನ್ನಲ್ಲ, ದುಶ್ಚಟಗಳ ಭಿಕ್ಷೆಯನ್ನು. ಅದೇ ನಾಡಿನಲ್ಲಿ ಹೆಸರಾದ ಮಹಾಂತ ಜೋಳಿಗೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ. ಕುಡಿಯುವವನ ವಯಸ್ಸೆಷ್ಟೆಂದು ಆ ಜೋಳಿಗೆ ಕೇಳಲಿಲ್ಲ.

ನಾವು ಮಾಡಬೇಕಾದದ್ದು

ಮನೆಗೆ ಮದ್ಯ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುವುದು ಇಂದೇ ನಿಲ್ಲಲಿ. ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಮದುವೆಯ ಹಿಂದಿನ ರಾತ್ರಿ ಗೆಳೆಯರಿಗೆ "ಪಾರ್ಟಿ" ಕೊಡಿಸುವ ರೂಢಿಯನ್ನು ಹಿರಿಯರು ಕಂಡೂ ಕಾಣದಂತೆ ಇರಬಾರದು. ತಂದೆಯೇ ಲೋಟ ಹಿಡಿದು ಮಗನಿಗೆ ಬುದ್ಧಿ ಹೇಳಿದರೆ ಆ ಮಾತು ನಾಟುವುದಿಲ್ಲ. ಊರು ಬಿಟ್ಟು ಬಂದು ನೆರೆಯ ಕೊಠಡಿಯಲ್ಲಿರುವ ಹುಡುಗನನ್ನು ಹಬ್ಬದ ದಿನ ಊಟಕ್ಕೆ ಕರೆಯಿರಿ. ಒಂಟಿತನ ನೀಗುವುದೂ ದಾಸೋಹವೇ.

ಈಗಾಗಲೇ ಚಟಕ್ಕೆ ಬಿದ್ದವರನ್ನು ಹೀಯಾಳಿಸಬೇಡಿ. ಬಹುಕಾಲ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಆದ್ದರಿಂದ ಆಣೆ-ಪ್ರಮಾಣವಷ್ಟೇ ಸಾಲದು, ವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಆ ತಂದೆ-ತಾಯಿಗಳ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಮಗನಿಗೆ ನಿಯಮ ತಿಳಿಸಿ, ಕಾರಣ ತಿಳಿಸಿ, ನೀವೇ ನಡೆದು ತೋರಿಸಿ. ಅವನು ಜಾರಿದರೆ ಬಾಗಿಲು ಮುಚ್ಚದೆ ಕೈ ಹಿಡಿಯಿರಿ. ಕೊಡಲು ಸಂಕೋಚವಾಗುವ ಆ ಒಂದು ಚಟವನ್ನು ಜೋಳಿಗೆಗೆ ಹಾಕಲು ಬಂದವರನ್ನು, ಅವರಿಗೆ ಹದಿನೆಂಟಾಗಿರಲಿ ಅರವತ್ತಾಗಿರಲಿ, ಮಠವು ಸದಾ ಬರಮಾಡಿಕೊಳ್ಳುತ್ತದೆ.